ಪೊಟ್ಟಣದ ಮೇಲೆ ಹೆಸರು ಬರೀರಿ

ನನ್ನನ್ನು ನೋಡಲು ಬರುವವರು ಮೋಸಂಬಿ ತರುತ್ತಾರೆ, ಕುರ್ಚಿಯ ತುದಿಗೆ ಕೂರುತ್ತಾರೆ, ಆಮೇಲೆ ದನಿ ಇಳಿಸಿ ಮಾತಾಡುತ್ತಾರೆ. ದನಿ ಇಳಿಸಬೇಡಿ. ಕೆಟ್ಟದ್ದು ನನ್ನ ಕಿಡ್ನಿ, ಕಿವಿಯಲ್ಲ. "ಪಾಪ" ಎನ್ನುವ ಮಾತನ್ನು ಚಪ್ಪಲಿಯ ಜೊತೆ ಬಾಗಿಲ ಹೊರಗೇ ಬಿಟ್ಟು ಬನ್ನಿ. ಬಸವನ ಬಾಗೇವಾಡಿಯ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಷಿನ್‌ಗಳಿವೆ. ಒಂದರ ಮುಂದೆ ನಾನೇ ಕೂತಿರುತ್ತೇನೆ. ಲಗ್ನದ ದಿನಗಳಲ್ಲಿ ನನ್ನ ಕೈಯಿಂದ ಜಂಪರ್ ಹೊಲಿಸಿಕೊಳ್ಳಬೇಕೆಂದರೆ ಹದಿನೈದು ದಿನ ಮೊದಲೇ ಬಟ್ಟೆ ತಂದುಕೊಡಬೇಕು. ನನ್ನ ಇವತ್ತಿನ ಸ್ಥಿತಿ ಇದು.

ನನ್ನ ಹೆಸರು ಸುಜಾತಾ. ತವರು ಸಿಂದಗಿ ತಾಲೂಕಿನ ಯಂಕಂಚಿ. ನನಗಿಂತ ಒಂಬತ್ತು ವರ್ಷ ದೊಡ್ಡವಳು ಅಕ್ಕ ಯಲ್ಲವ್ವ. ಅವಳನ್ನು ಊರಲ್ಲೇ ಕೊಟ್ಟರು. ಅಕ್ಕ ಹುಟ್ಟಿದಾಗ ಮನೆಯಲ್ಲಿ ಯಲ್ಲಮ್ಮನ ಜಗಲಿ ಇತ್ತು. ನಾನು ಹುಟ್ಟುವ ಹೊತ್ತಿಗೆ ಅದೇ ಗೋಡೆಗೆ ಬುದ್ಧನ ಫೋಟೋ ಬಂದಿತ್ತು. ಅವಳು ಶಾಲೆಯ ಮುಖ ನೋಡಲಿಲ್ಲ, ನಾನು ಹತ್ತನೆಯ ತನಕ ಓದಿದೆ. ನಾನು ಪುಸ್ತಕ ಹಿಡಿದು ಶಾಲೆಗೆ ಹೋಗುವಾಗ ಅವಳು ಕುಡುಗೋಲು ಹಿಡಿದು ಮಂದಿಯ ಹೊಲಕ್ಕೆ ಹೋಗುತ್ತಿದ್ದಳು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ತಪ್ಪು ಯಾರದು ಎಂಬ ಮಾತು ಬರುತ್ತದೆ.

ಕಿಡ್ನಿ ಕೆಟ್ಟ ಕತೆಯನ್ನು ಉದ್ದ ಮಾಡುವುದಿಲ್ಲ. ಬಿ.ಪಿ. ಇತ್ತು, ನನಗೆ ಗೊತ್ತಿರಲಿಲ್ಲ. ಕಾಲು ಬಾತಾಗ ಮಷಿನ್ ತುಳಿದು ಬಾತಿದೆ ಎಂದುಕೊಂಡೆ. ಆಮೇಲೆ ಒಂದೂವರೆ ವರ್ಷ ವಾರಕ್ಕೆ ಎರಡು ಸಲ ವಿಜಯಪುರಕ್ಕೆ ಹೋಗಿ ಡಯಾಲಿಸಿಸ್. ಕಸಿ ಮಾಡಿಸಬೇಕು ಎಂದು ಸೊಲ್ಲಾಪುರದ ದೊಡ್ಡ ಆಸ್ಪತ್ರೆಯಲ್ಲಿ ಹೇಳಿದ ದಿನ ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಯಾರನ್ನೂ ಕೇಳದೆ, "ನಂದ ತಗೀರಿ" ಅಂದಳು. ಅವಳ ಗಂಡನ ಮನೆಯಲ್ಲಿ ಗದ್ದಲವೋ ಗದ್ದಲ. ದುಡಿದು ಉಣ್ಣುವ ಹೆಂಗಸು ಒಂದೇ ಕಿಡ್ನಿಯ ಮೇಲೆ ಹೇಗೆ ದುಡಿಯುತ್ತಾಳೆ ಎಂದು ಅವಳ ಅತ್ತೆ ಓಣಿಗೆ ಕೇಳುವಂತೆ ಕೂಗಾಡಿದರು. ಅಕ್ಕ ರೊಟ್ಟಿ ಬಡಿಯುತ್ತ ಉತ್ತರ ಕೊಟ್ಟಳಂತೆ.

"ಎರಡ ಇದ್ದೂ ಅಲ್ರಿ ಅತ್ತಿ? ಒಂದ ನಂದು, ಒಂದ ಆಕಿದು. ಇಷ್ಟ ದಿನಾ ಆಕಿದು ನಾ ಇಟಗೊಂಡಿದ್ದೆ, ಈಗ ಕೊಡಾಕತ್ತೇನಿ."

ಅಷ್ಟು ಹೇಳಿ ಇನ್ನೊಂದು ರೊಟ್ಟಿ ಹಂಚಿಗೆ ಹಾಕಿದಳಂತೆ.

ಅಕ್ಕನ ಕಿಡ್ನಿ ನನ್ನ ಹೊಟ್ಟೆಯೊಳಗೆ ಬಂದ ಮೇಲೆ ನನ್ನ ದಿನ ಬೆಳಿಗ್ಗೆ ಎಂಟು, ಸಂಜೆ ಎಂಟು ಎಂಬ ಎರಡು ಗೂಟಗಳ ನಡುವೆ ಕಟ್ಟಿಹಾಕಿದಂತಾಯಿತು. ಆ ಹೊತ್ತಿಗೆ ಸರಿಯಾಗಿ ಟ್ಯಾಕ್ರೊಲಿಮಸ್ ಎಂಬ ಗುಳಿಗೆ. ನನ್ನ ಮೈ ಅಕ್ಕನ ಕಿಡ್ನಿಯನ್ನು ಯಾರದೋ ಎಂದು ಹೊರಗೆ ಹಾಕದ ಹಾಗೆ ಕಾಯುವ ಗುಳಿಗೆ ಅದು. ಕಡಿಮೆಯಾದರೆ ಮೈ ತಿರುಗಿ ಬೀಳುತ್ತದೆ, ಹೆಚ್ಚಾದರೆ ಕಾಯುವ ಗುಳಿಗೆಯೇ ಕಿಡ್ನಿಯನ್ನು ಕೆಡಿಸುತ್ತದೆ. ಆಸ್ಪತ್ರೆಯ ನರ್ಸ್ ಬಿಡುಗಡೆಯ ದಿನ ಕೈಗೆ ಒಂದು ಕಾರ್ಡ್ ಕೊಟ್ಟು ಮೂರು ಸಲ ಹೇಳಿದ್ದರು: ಬೇರೆ ಯಾರು ಯಾವ ಗುಳಿಗೆ ಕೊಟ್ಟರೂ ನಮಗೆ ಫೋನ್ ಮಾಡದೆ ನುಂಗಬೇಡಿ. ನಾನು ಮೂರು ಸಲವೂ ಹೂಂ ಅಂದಿದ್ದೆ. ಹದಿನಾಲ್ಕು ತಿಂಗಳು ಆ ಹೂಂ ಉಳಿಸಿಕೊಂಡೆ ಕೂಡ.

ಹದಿನೈದನೆಯ ತಿಂಗಳು ಯಂಕಂಚಿಗೆ ಹೋದಾಗ ಕೆಮ್ಮು, ಜ್ವರ ಹಿಡಿಯಿತು. ಅಕ್ಕ ನನ್ನ ಹಣೆ ಮುಟ್ಟಿ ನೋಡಿದವಳೇ ಸೆರಗು ಹೊದ್ದುಕೊಂಡು ಹೊರಟಳು. ಎಲ್ಲಿಗೆ ಎಂದು ಕೇಳುವ ಅಗತ್ಯವೇ ಇರಲಿಲ್ಲ. ನಮ್ಮ ಕಡೆ ಒಂದು ಊರಲ್ಲಿ ವಯಸ್ಸಾದ ಡಾಕ್ಟರ್ ಒಬ್ಬರಿದ್ದಾರೆ. ಅವರ ಹೆಸರು, ಊರ ಹೆಸರು ಬರೆಯುವುದಿಲ್ಲ. ನನಗೆ ಬೇಕಾಗಿದ್ದದ್ದು ಅವರ ಹೆಸರಲ್ಲ.

ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮವ್ವನ ಕಾಲದಲ್ಲಿ ನಮ್ಮ ಓಣಿಯವರಿಗೆ ಔಷಧ ಕೊಡುವವರು ಹೊರಗೆ ನಿಲ್ಲಿಸಿ, ಗುಳಿಗೆಯನ್ನು ಮೇಲಿನಿಂದ ಕೈಗೆ ಹಾಕುತ್ತಿದ್ದರು. ಈ ಡಾಕ್ಟರ್ ಹೊಸದಾಗಿ ಬಂದಾಗ ಅವ್ವನನ್ನು ಒಳಗೆ ಕರೆದು, ತಮ್ಮ ಬೆರಳಿನಿಂದಲೇ ಅವಳ ನಾಡಿ ಹಿಡಿದು ನೋಡಿದರಂತೆ. ಅವ್ವ ಅದನ್ನು ಸಾಯುವ ತನಕ ಹೇಳುತ್ತಿದ್ದಳು. ಅಂಥವರ ಕೈಗುಣ ದೊಡ್ಡದು ಎಂದು ಓಣಿಯೇ ನಂಬಿತು. ಅವರು ಡಬ್ಬಿಗಳಿಂದ ಗುಳಿಗೆ ಎಣಿಸಿ, ಹಳೆಯ ಪೇಪರ್ ಹರಿದು ಪೊಟ್ಟಣ ಕಟ್ಟಿ ಕೈಗಿಡುತ್ತಾರೆ. ಗುಣ ಮಾಡುವುದು ಕೈ ಎಂದ ಮೇಲೆ ಗುಳಿಗೆಯ ಹೆಸರು ಯಾರಿಗೆ ಬೇಕು? ಕೇಳಿದರೆ ಆ ಕೈಯನ್ನೇ ಅನುಮಾನಿಸಿದ ಹಾಗೆ. ನಲವತ್ತು ವರ್ಷದಲ್ಲಿ ನಮ್ಮ ಓಣಿಯಿಂದ ಒಬ್ಬರೂ ಕೇಳಿರಲಿಲ್ಲ.

ಅಕ್ಕ ಪೊಟ್ಟಣ ತಂದು ನನ್ನ ತಲೆದಿಂಬಿನ ಪಕ್ಕ ಇಟ್ಟಳು.

"ಮುಂಜಾನಿ ಒಂದು, ಸಂಜಿಕ ಒಂದು. ಐದ ದಿನ ತೊಗೋ ಅಂದಾರ."

"ಯಾವ ಗುಳಗಿ ಅಕ್ಕಾ?"

"ಕೆಮ್ಮು ಜ್ವರದ್ದು."

"ಹೆಸರೇನ?"

"ಹೆಸರ ಕೇಳ್ತಾರೇನ ಹುಚ್ಚಿ? ಸಾಹೇಬ್ರು ಕೈಯಾರೆ ಕೊಟ್ಟಾರ, ಸಾಕಾತಿಲ್ಲ?"

"ನನಗ ಕಿಡ್ನಿ ಹಾಕ್ಯಾರ ಅಂತರ ಹೇಳಿದಿಲ್ಲ?"

ಅಕ್ಕ ಲೋಟಕ್ಕೆ ನೀರು ತುಂಬಿಸಿದಳು. "ಕೇಳಿದ್ರ ಹೇಳತಿದ್ದೆ. ಅವ್ರು ಕೇಳ್ಲಿಲ್ಲ" ಅಂದಳು.

ಕಾರ್ಡ್ ನನ್ನ ಬ್ಯಾಗಿನಲ್ಲೇ ಇತ್ತು, ಫೋನ್ ಕೈಯಲ್ಲೇ ಇತ್ತು. ಆದರೆ ಕಿಡ್ನಿ ಕೊಟ್ಟವಳು ನೀರಿನ ಲೋಟ ಹಿಡಿದು ಎದುರಿಗೆ ನಿಂತಿದ್ದಳು. ಅವಳ ಕೈಯ ಗುಳಿಗೆಯನ್ನು ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನುಂಗಿದೆ. ಓದಲು ಬರದ ಅಕ್ಕ ತಂದಳು, ಓದಲು ಬರುವ ನಾನು ನುಂಗಿದೆ. ತಪ್ಪು ಯಾರದು ಎಂದು ಕೇಳುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿ.

ಎರಡು ದಿನಕ್ಕೆ ಜ್ವರ ಇಳಿಯಿತು. ಕೈಗುಣ ಅಂದರೆ ಹೀಗೆ ಎಂದು ಅಕ್ಕ ಹಿಗ್ಗಿದಳು. ಮೂರನೆಯ ದಿನ ಬಾಗೇವಾಡಿಗೆ ಬಂದು ಮಷಿನ್ ಮುಂದೆ ಕೂತರೆ ಸೂಜಿಗೆ ದಾರ ಏರಲಿಲ್ಲ. ಬೆಳಕು ಸಾಲದು ಎಂದು ಬಾಗಿಲ ಹತ್ತಿರ ಸರಿದೆ. ದಾರದ ತುದಿ ಕಚ್ಚಿ, ಒದ್ದೆ ಮಾಡಿ ನೋಡಿದೆ. ದಾರ ಸೂಜಿಯ ಆಚೆಗೊಮ್ಮೆ ಈಚೆಗೊಮ್ಮೆ ಹೋಗುತ್ತಿತ್ತು. ಆಗ ಕಂಡಿತು, ನಡುಗುತ್ತಿದ್ದದ್ದು ನನ್ನ ಕೈ. ನಮ್ಮ ಯಜಮಾನರು, ಪ್ರಕಾಶ ಎಂದು, ಸಾಮಾನು ಸಾಗಿಸುವ ಟಂಟಂ ಆಟೋ ಓಡಿಸುತ್ತಾರೆ. ಅವರು ನೋಡಿ ನಕ್ಕರು. "ಚಹಾ ಭಾಳ ಆಗೇತಿ ನಿಂದು, ಬಿಡು" ಅಂದರು. ನಾನೂ ನಕ್ಕೆ.

ಐದನೆಯ ದಿನ ತಲೆ ಸಿಡಿಯುತ್ತಿತ್ತು, ಮೂತ್ರ ಕಡಿಮೆಯಾಗಿತ್ತು. ಜಂಪರ್ ಕೊಡಲು ಬಂದವಳೊಬ್ಬಳ ಅಳತೆ ತೆಗೆದು ವಹಿಯಲ್ಲಿ ಬರೆದೆ. ಅವಳು ಹೋದ ಮೇಲೆ ನೋಡಿದರೆ ನಾನೇ ಬರೆದ ಮೂವತ್ತನಾಲ್ಕು ನನಗೇ ಓದಲು ಬರಲಿಲ್ಲ. ಇಪ್ಪತ್ತು ವರ್ಷ ಇದೇ ಕೈಯಿಂದ ಅನ್ನ ತಿಂದವಳು ನಾನು. ಆಸ್ಪತ್ರೆಗೆ ಫೋನ್ ಹಚ್ಚಿದೆ. ಈಗಲೇ ಹೊರಡಿ, ಉಳಿದ ಗುಳಿಗೆಯನ್ನು ಪೊಟ್ಟಣದ ಸಮೇತ ತನ್ನಿ ಎಂದರು. ಪೊಟ್ಟಣದಲ್ಲಿ ಒಂದೇ ಗುಳಿಗೆ ಉಳಿದಿತ್ತು.

ಸೊಲ್ಲಾಪುರದ ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ನಾನೂ ಯಜಮಾನರೂ ಬೆಂಚಿನ ಮೇಲೆ ಕೂತೆವು. ಆ ಬೆಂಚಿನ ಬಗ್ಗೆ ನಾನು ಪುಸ್ತಕವನ್ನೇ ಬರೆಯಬಲ್ಲೆ. ಕೈ ಎಷ್ಟು ನಡುಗುತ್ತಿತ್ತೆಂದರೆ ನೀರು ಬಾಯಿಗಿಂತ ಹೆಚ್ಚು ಸೀರೆಗೆ ಬಿತ್ತು. ಪಕ್ಕದಲ್ಲಿ ಇಂಡಿ ಕಡೆಯ ಹಿರಿಯರೊಬ್ಬರಿದ್ದರು, ಲಿಂಬೆ ತೋಟದವರು, ಅವರಿಗೂ ಕಸಿ ಆಗಿ ಒಂಬತ್ತು ವರ್ಷ. ಅವರು ಪೊಟ್ಟಣದ ಕತೆ ಕೇಳಿ, ನನ್ನ ಕೈಯಿಂದ ಲೋಟ ತೆಗೆದುಕೊಂಡು ಅರ್ಧ ನೀರು ಚೆಲ್ಲಿ ತಿರುಗಿ ಕೊಟ್ಟರು.

"ಅರ್ಧಾ ಇದ್ರ ತುಳಕೂದಿಲ್ಲ ನೋಡವಾ. ನನಗೂ ಹಿಂಗ ಆಗಿತ್ತು. ನನಗ ಟಿ.ಬಿ. ಗುಳಗಿ ಕೊಟ್ಟಿದ್ರು, ಅದು ಕಿಡ್ನಿ ಗುಳಗೀನ ಕೆಳಗ ಜಗ್ಗಿತು. ನಿಂದೇನ ಜಗ್ಗೇತೋ, ಮ್ಯಾಲ ಒಯ್ದೇತೋ. ಅಂಜಬ್ಯಾಡ, ನಾ ಕುಂತೇನಿಲ್ಲ ಒಂಬತ್ತ ವರ್ಷದಿಂದ?"

ನಿಜ ಹೇಳುತ್ತೇನೆ, ಆ ದಿನ ನನಗೆ ಯಾವ ಡಾಕ್ಟರ್ ಕೊಟ್ಟದ್ದಕ್ಕಿಂತಲೂ ದೊಡ್ಡ ಔಷಧ ಆ ಅರ್ಧ ಲೋಟ ನೀರು.

ನನ್ನನ್ನು ನೋಡುವ ಡಾಕ್ಟರ್ ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕಲಬುರಗಿ ಕಡೆಯ ಹೆಣ್ಣುಮಗಳು. ರಿಪೋರ್ಟ್ ನೋಡಿ ಅವರ ಮುಖ ಬಿಗಿಯಿತು. ಏರಿದಷ್ಟೂ ಕೆಡುಕೆನ್ನುವ ಕಿಡ್ನಿಯ ಅಂಕಿ ಮೊದಲಿನ ಎರಡು ಪಟ್ಟಿಗಿಂತ ಮೇಲೆ ಹೋಗಿತ್ತು. ಪೊಟ್ಟಣ ಬಿಚ್ಚಿ ಗುಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಅದರ ಮೇಲೆ ಒಂದಕ್ಷರವೂ ಇರಲಿಲ್ಲ.

"ಇದರ ಹೆಸರೇನ್ರಿ?"

"ಗೊತ್ತಿಲ್ರಿ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಬಿಡಿಸಿ ಹೇಳಿದರು. "ನೋಡ್ರಿ, ಎರಡರಾಗ ಒಂದ ಆಗೇತಿ. ಇಲ್ಲಾ ನಿಮ್ಮ ಮೈ ಕಿಡ್ನಿ ಬ್ಯಾಡ ಅನ್ನಾಕತ್ತೈತಿ. ಇಲ್ಲಾ ಈ ಗುಳಗಿ ಸೇರಿ ನಿಮ್ಮ ಟ್ಯಾಕ್ರೊಲಿಮಸ್ ರಕ್ತದಾಗ ವಿಪರೀತ ಏರೇತಿ. ಮೊದಲನೇದಾದ್ರ ಔಷಧ ಹೆಚ್ಚ ಮಾಡಬೇಕು, ಎರಡನೇದಾದ್ರ ನಿಲ್ಲಿಸಬೇಕು. ರಕ್ತದಾಗ ಎಷ್ಟೈತಿ ಅನ್ನೂ ರಿಪೋರ್ಟ್ ಬರೂದು ನಾಳಿಗೆ. ಹೆಸರ ಗೊತ್ತಾದ್ರ ನಾ ಇವತ್ತ ನಿರ್ಧಾರ ಮಾಡತೇನಿ. ಸಂಜಿ ಎಂಟರ ಗುಳಗಿ ಕೊಡ್ಲೋ ಬ್ಯಾಡೋ, ಹೇಳ್ರಿ?"

ಹೆಚ್ಚಿಸಬೇಕೋ, ನಿಲ್ಲಿಸಬೇಕೋ. ಅಕ್ಕನ ಕಿಡ್ನಿಯ ಹಣೆಬರಹ ಒಂದು ಹೆಸರಿಗೆ ಬಂದು ನಿಂತಿತ್ತು. ಆಗ ಸಂಜೆ ನಾಲ್ಕು ಗಂಟೆ. ನಾನು ಅಕ್ಕನಿಗೆ ಫೋನ್ ಮಾಡಿದೆ.

"ಅಕ್ಕಾ, ಸಾಹೇಬ್ರ ಕಡೆ ಹೋಗಿ ಆ ಗುಳಗಿ ಹೆಸರ ಕೇಳಕೊಂಡ ಬಾ. ಈಗ ಹೋಗು."

"ನಾ ಹ್ಯಾಂಗ ಕೇಳ್ಲಿ ಸುಜಾ? ಅವ್ವನ ಕೈ ಹಿಡದ ನೋಡಿದ ಮನಷ್ಯಾ ಅಂವ. ಏನ ತಿಳಕೋತಾರ?"

"ಏನರ ತಿಳಕೊಳ್ಳಿ. ನೀ ಕೊಟ್ಟ ಕಿಡ್ನಿ ಹೊಂಟೈತಿ ಅಕ್ಕಾ."

ಆ ಕಡೆ ಫೋನ್ ಕಟ್ಟಾಯಿತು.

ಅಲ್ಲಿ ನಡೆದದ್ದನ್ನು ಅಕ್ಕ ನನಗೆ ಆಮೇಲೆ ಹೇಳಿದ್ದು. ಹೇಳುವಾಗಲೂ ಅವಳ ಕಿವಿಗಳು ಕೆಂಪಾಗಿದ್ದವು. ದವಾಖಾನೆ ತುಂಬ ಮಂದಿ. ಅಕ್ಕ ಯಾವಾಗಲೂ ಗೋಡೆಗೆ ಒತ್ತಿ ನಿಂತೇ ಮಾತಾಡುವವಳು. ಅವತ್ತು ಸಾಲು ದಾಟಿ ಹೋಗಿ, ಡಾಕ್ಟರ್ ಎದುರಿನ ಸ್ಟೂಲಿನ ಮೇಲೆ ಕೂತುಬಿಟ್ಟಳು.

"ಏನವಾ ಯಲ್ಲವ್ವ, ಜ್ವರ ಇಳೀಲಿಲ್ಲೇನ ನಿನ್ನ ತಂಗಿದು?"

"ಇಳೀತ್ರಿ. ಆ ಗುಳಗಿ ಹೆಸರ ಬೇಕಾಗಿತ್ರಿ."

"ಹೆಸರ ತೊಗೊಂಡ ಏನ ಮಾಡತೀ? ನನ್ನ ಮ್ಯಾಲ ನಂಬಿಕಿ ಹೋತೇನ?"

"ನಂಬಿಕಿ ಐತ್ರಿ. ಹೆಸರ ಬೇಕ್ರಿ."

ಡಾಕ್ಟರ್ ಸಿಟ್ಟಿನಿಂದ ಹಿಂದಿನವರನ್ನು ಕರೆದರು. ಅಕ್ಕ ಏಳಲಿಲ್ಲ. ಹೆಸರು ಹೇಳುವ ತನಕ ಏಳೂದಿಲ್ರಿ ಅಂದಳು. ಯಾರೋ ಹಿಂದಿನಿಂದ ಅವಳ ಭುಜ ಹಿಡಿದು ಎಬ್ಬಿಸಲು ನೋಡಿದರು. ಆಗ ಅಕ್ಕ, ಹೊರಗೆ ಕಾಲಿಟ್ಟರೆ ತಲೆಯ ಮೇಲಿನ ಸೆರಗನ್ನು ಎಂದೂ ಸರಿಸದ ನಮ್ಮಕ್ಕ, ಅಷ್ಟು ಮಂದಿಯ ಮುಂದೆ ಸೆರಗನ್ನು ಪಕ್ಕಕ್ಕೆ ತೆಗೆದು ಸೊಂಟದ ಮೇಲಿನ ಗಾಯದ ಗುರುತನ್ನು ತೋರಿಸಿದಳು.

"ಇಲ್ಲಿಂದ ತಗದು ಆಕಿಗಿ ಹಾಕ್ಯಾರ್ರಿ ಸಾಹೇಬ್ರ. ಅದು ಹೊಂಟೈತ್ರಿ. ಹೆಸರ ಹೇಳ್ರಿ."

ಡಾಕ್ಟರ್ ಅಕ್ಕನ ಕೈಯಿಂದ ಫೋನ್ ಇಸಿದುಕೊಂಡು, ನನಗೆ ಹಚ್ಚಿಸಿ, ತಾವೇ ನನ್ನೊಡನೆ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಗಾಬರಿಯಿತ್ತು. "ಕ್ಲಾರಿಥ್ರೊಮೈಸಿನ್" ಅಂದರು. ನಾನು ಬಿಡಿಬಿಡಿಯಾಗಿ ಹೇಳಿಸಿಕೊಂಡು, ಅದೇ ನಡುಗುವ ಕೈಯಿಂದ ಬರೆದುಕೊಂಡೆ. "ಕಿಡ್ನಿ ಹಾಕಿಸಿಕೊಂಡಿದ್ದು ನನಗ ಯಾಕ ಹೇಳಲಿಲ್ಲವಾ?" ಎಂದು ಕೇಳಿದರು.

"ನಾವು ಹೇಳಲಿಲ್ರಿ, ನೀವು ಕೇಳಲಿಲ್ರಿ" ಅಂದೆ. ಅವರಿಗೆ ಎದುರು ಮಾತಾಡಿದ ಮೊದಲ ಹೆಣ್ಣು ನಮ್ಮಕ್ಕ, ಎರಡನೆಯವಳು ನಾನು.

ಹೆಸರು ಕೇಳಿದ ಕೂಡಲೇ ನಮ್ಮ ಡಾಕ್ಟರಮ್ಮ ಮೇಜಿಗೆ ಕೈ ತಟ್ಟಿ, "ಇದ ನೋಡ್ರಿ ಏರಿಸಿದ್ದು" ಅಂದರು. ಆ ಸಂಜೆಯ ಟ್ಯಾಕ್ರೊಲಿಮಸ್ ನಿಂತಿತು. ಮರುದಿನದ ರಿಪೋರ್ಟ್ ಅವರ ಮಾತನ್ನೇ ಹೇಳಿತು, ಗುಳಿಗೆ ರಕ್ತದಲ್ಲಿ ಇರಬೇಕಾದುದಕ್ಕಿಂತ ಎಷ್ಟೋ ಪಟ್ಟು ಏರಿತ್ತು. ಗೊತ್ತಿಲ್ಲದೆ ಅವತ್ತು ಹೆಚ್ಚಿಸಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಅದನ್ನ ಯಾಕ ಕೇಳತೀರಿ, ಮಾಡಲಿಲ್ಲಲ್ಲ ಎಂದು ಮಾತು ಮರೆಸಿದರು. ಉಳಿದ ಕೆಮ್ಮಿಗೆ ಬೇರೆ ಔಷಧ ಕೊಟ್ಟರು. ಅದರ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡ ಮೇಲೆಯೇ ನಾನು ಬಾಯಿ ತೆರೆದದ್ದು.

ಆಮೇಲೆ ಕಾಯುವುದೊಂದೇ ಕೆಲಸ. ದಿನಾ ರಕ್ತ, ದಿನಾ ಅಂಕಿ. ನನಗೆ ಅವರ ಅಂಕಿಯನ್ನೇ ನಂಬಿ ಕೂತಿರಲು ಆಗಲಿಲ್ಲ. ಹೊಲಿಗೆಯವಳ ಪರ್ಸಿನಲ್ಲಿ ಸೂಜಿ ದಾರ ಇದ್ದೇ ಇರುತ್ತದೆ. ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೇ ಸೂಜಿಗೆ ದಾರ ಏರಿಸಲು ಕೂರುತ್ತಿದ್ದೆ. ಮೊದಲ ದಿನ ಆಗಲಿಲ್ಲ. ಎರಡನೆಯ ದಿನ ಬೆರಳಿಗೆ ಚುಚ್ಚಿಕೊಂಡು ನರ್ಸ್ ಕೈಲಿ ಬೈಸಿಕೊಂಡೆ. ಬೈಯಲಿ. ನನ್ನ ಕೈ ನನಗೆ ಬೇಕಾಗಿತ್ತು, ಯಾರನ್ನೂ ಬೇಡಿಕೊಳ್ಳುವ ಮನಸ್ಸಿರಲಿಲ್ಲ. ಆರನೆಯ ಬೆಳಿಗ್ಗೆ ದಾರ ಒಂದೇ ಸಲಕ್ಕೆ ಸೂಜಿಯ ಕಣ್ಣು ದಾಟಿತು. ನಾನು ಹೋ ಎಂದು ಅತ್ತೆ. ನಮ್ಮವರು ಏನೋ ಕೆಟ್ಟದ್ದಾಯಿತೆಂದು ಓಡಿ ಬಂದರು, ಸೂಜಿ ನೋಡಿ ಅವರೂ ಕಣ್ಣೊರೆಸಿಕೊಂಡರು.

ಅಕ್ಕ ಏಳನೆಯ ದಿನ ಬಂದಳು. ಮಂಚದ ಹತ್ತಿರ ಬರದೆ ಬಾಗಿಲಲ್ಲೇ ನಿಂತಳು.

"ನಾನ ಕೊಟ್ಟೆ, ನಾನ ಕಸಗೊಳ್ಳಾಕ ಹೋದೆ" ಅಂದಳು.

ನನಗೆ ಸಿಟ್ಟು ಬಂತು. "ಬಾಯಿ ನಂದು, ನುಂಗಿದ್ದು ನಾನು. ಕಾರ್ಡ ಇದ್ದದ್ದು ನನ್ನ ಬ್ಯಾಗಿನ್ಯಾಗ. ನೀ ಕಲ್ತಿದ್ರ ಓದತಿದ್ದಿ, ನಿನ್ನ ಸಾಲಿ ನಾ ತಿಂದೇನಿ. ಅಳೂದಾದ್ರ ಹೊರಗ ಹೋಗಿ ಅಳು, ನಕ್ಕೊಂತ ಒಳಗ ಬಾ" ಎಂದು ಬೈದೆ. ಅವಳು ಹೊರಗೆ ಹೋಗಲೂ ಇಲ್ಲ, ನಗಲೂ ಇಲ್ಲ. ಬಂದು ನನ್ನ ಕೈ ಹಿಡಿದು, ನಡುಗುತ್ತಿದೆಯೇ ಎಂದು ಬಹಳ ಹೊತ್ತು ನೋಡಿದಳು.

ಅಂಕಿ ಇಳಿಯಿತು, ಆದರೆ ಮೊದಲಿದ್ದಲ್ಲಿಗೆ ಪೂರ್ತಿ ಇಳಿಯಲಿಲ್ಲ. ಕಿಡ್ನಿಯ ಸ್ವಲ್ಪ ಶಕ್ತಿ ಹೋಯಿತು, ಅದು ತಿರುಗಿ ಬರುವುದಿಲ್ಲ ಎಂದರು. ಸಮಾಧಾನ ಮಾಡಿಕೊಳ್ಳಿ ಎಂದವರಿಗೆಲ್ಲ ನಾನು ಹೇಳಿದ್ದು ಒಂದೇ: ಮಾಡಿಕೊಳ್ಳುವುದಿಲ್ಲ. ಅಕ್ಕ ಮೈ ಕೊಯ್ಸಿಕೊಂಡು ಕೊಟ್ಟದ್ದರಲ್ಲಿ ಒಂದು ಪಾಲು, ಒಂದು ಹೆಸರು ಕೇಳಲು ನಾಚಿದ್ದಕ್ಕೆ ಹೋಯಿತು. ಅದಕ್ಕೆ ಸಮಾಧಾನವಿಲ್ಲ. ಉಳಿದ ಪಾಲಿಗೆ ಕಾವಲು ಮಾತ್ರ ಇದೆ, ಆ ಕಾವಲು ನಾನೇ.

ಈಗ ಜಂಪರ್ ಹೊಲಿದು ಉಳಿದ ಚೂರು ಬಟ್ಟೆಯಲ್ಲಿ ಸಣ್ಣ ಚೀಲ ಹೊಲಿಯುತ್ತೇನೆ. ಅದಕ್ಕೆ ಹೊರಗಡೆ ಒಂದು ಜೇಬು. ಆ ಜೇಬಿನಲ್ಲಿ ನುಂಗುವ ಗುಳಿಗೆಗಳ ಹೆಸರು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದ ಚೀಟಿ, ಕೆಳಗೆ "ಕಿಡ್ನಿ ಕಸಿ ಆಗಿದೆ" ಎಂಬ ಸಾಲು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಚೀಲವನ್ನೇ ಡಾಕ್ಟರ ಮೇಜಿನ ಮೇಲೆ ಇಟ್ಟುಬಿಡಿ, ಅದೇ ಮಾತಾಡುತ್ತದೆ. ಸೊಲ್ಲಾಪುರದ ಆ ಬೆಂಚಿನ ಮೇಲೆ ಕೂತವರಿಗೆಲ್ಲ ಹಂಚಿದ್ದೇನೆ. ಮುದ್ದೇಬಿಹಾಳದಿಂದ ಬರುವ ಒಬ್ಬಾಕೆ ಜರಿ ಅಂಚಿನದೇ ಬೇಕು ಎಂದು ಹಟ ಮಾಡಿ ಹೊಲಿಸಿಕೊಂಡಳು. ಸರಿ, ಕಾಯಿಲೆಯವರಿಗೆ ಜರಿ ಬೇಡ ಎಂದು ಯಾರು ಹೇಳಿದರು?

ಹೋದ ತಿಂಗಳು ಅಕ್ಕನಿಗೆ ಮೈಕೈ ನೋವು, ಜ್ವರ. ನಾನು ಯಂಕಂಚಿಯಲ್ಲೇ ಇದ್ದೆ, ಇಬ್ಬರೂ ಅದೇ ಹಳೆಯ ಡಾಕ್ಟರ ಹತ್ತಿರ ಹೋದೆವು. ಬೇರೆಯವರ ಹತ್ತಿರ ಹೋಗೋಣ ಎಂದರೆ ಅಕ್ಕ ಒಪ್ಪಲಿಲ್ಲ. ಅವ್ವನ ನಾಡಿ ಹಿಡಿದವರನ್ನು ಬಿಡುವುದಿಲ್ಲ, ಹೆಸರು ಕೇಳುವುದನ್ನೂ ಬಿಡುವುದಿಲ್ಲ ಎಂಬುದು ಅವಳ ಹಟ. ನೇರ ಹೋಗಿ ಸ್ಟೂಲಿನ ಮೇಲೆ ಕೂತಳು. ಡಾಕ್ಟರ್ ನಾಡಿ ನೋಡಿದರು, ಮೂರು ಡಬ್ಬಿಗಳಿಂದ ಗುಳಿಗೆ ತೆಗೆದರು, ಪೇಪರ್ ಹರಿದರು.

"ಹೆಸರ ಬರೀರಿ ಸಾಹೇಬ್ರ" ಅಂದಳು ಅಕ್ಕ.

ಅವರು ಕನ್ನಡಕ ಹುಡುಕಿ ಹಾಕಿಕೊಂಡು ಪೊಟ್ಟಣದ ಮೇಲೆ ಮೂರು ಹೆಸರು ಬರೆದರು, ಕನ್ನಡದಲ್ಲಿ. "ನಿನಗ ಓದಾಕ ಬರತೈತೇನ?" ಎಂದು ನಗುತ್ತ ಕೇಳಿದರು.

"ನನಗ ಬರೂದಿಲ್ರಿ. ಆಕಿಗಿ ಬರತೈತಿ."

ಪೊಟ್ಟಣ ನನ್ನ ಕೈಗೆ ಬಂತು. ಮೊದಲನೆಯದು ಜ್ವರದ್ದು, ಸರಿ. ಎರಡನೆಯ ಹೆಸರು ನೋಡಿ ನನ್ನ ಬೆರಳು ಅಲ್ಲೇ ನಿಂತಿತು. ಅದು ನೋವಿನ ಗುಳಿಗೆ. ಒಂದೇ ಕಿಡ್ನಿ ಇರುವವರು ಅದನ್ನು ಮುಟ್ಟಬಾರದು ಎಂದು ಅಕ್ಕನ ಆಪರೇಷನ್ ದಿನವೇ ಬರೆದು ಕೊಟ್ಟಿದ್ದರು.

"ಇದು ಬ್ಯಾಡ್ರಿ ಸಾಹೇಬ್ರ. ಆಕಿಗಿ ಒಂದ ಐತ್ರಿ."

ಅವರು ಪೊಟ್ಟಣ ತೆಗೆದುಕೊಂಡು ನೋಡಿದರು, ಅಕ್ಕನ ಸೊಂಟದ ಕಡೆ ನೋಡಿದರು. "ಕೈ ರೂಢಿ ನೋಡವಾ, ತಾನ ಆ ಡಬ್ಬಿಗಿ ಹೋತು" ಎಂದು ಆ ಗುಳಿಗೆಗಳನ್ನು ಆರಿಸಿ ತೆಗೆದು, ಹೆಸರಿನ ಮೇಲೆ ಅಡ್ಡಗೆರೆ ಎಳೆದರು. ನಾನು ಅಕ್ಕನ ರಟ್ಟೆ ಹಿಡಿದು ಎಬ್ಬಿಸಲು ಹೋದೆ. ಅವಳು ಕೂತಲ್ಲಿಂದ ಅಲುಗಲಿಲ್ಲ.

"ಉಳದದ್ದೂ ಓದು" ಅಂದಳು.

ಓದಿದೆ, ಹೊರಗಿನ ಸಾಲಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ.